ಕಿವಿ ಮುಟ್ಟಿದ ಕೈ

ಪ್ರಮೀಳ ವಾಲಿಬಾಲ್ ಆಡುವುದರಿಂದ ಮನೆಗೆ ಬಂದದ್ದೇನು ಎಂದು ಯಾರಾದರೂ ಕೇಳಿದರೆ ಚಿಕ್ಕಬೋರಮ್ಮ, "ಅಟ್ಟದ ಮೇಲಿನ ಕುಕ್ಕೆ ಇಳ್ಸಕ್ಕೆ ಏಣಿ ಬ್ಯಾಡ, ಅದೇ ಲಾಭ ಕಣವ್ವ" ಎಂದು ನಗುತ್ತಿದ್ದಳು. ಮೊಮ್ಮಗಳ ಉದ್ದ ಹಾಗಿತ್ತು. ಹತ್ತನೇ ತರಗತಿಯ ಹುಡುಗಿ, ಅಪ್ಪ ಕೆಂಪಣ್ಣನಿಗಿಂತ ನಾಲ್ಕು ಬೆರಳು ಎತ್ತರ. ಕೈಗಳಂತೂ ಇನ್ನೂ ಉದ್ದ. ಆ ಕೈ ನೆಟ್ಟಿನ ಮೇಲೆದ್ದು ಚೆಂಡಿಗೆ ಬಡಿಯಿತೆಂದರೆ, ಆಚೆ ಬದಿಯವರಿಗೆ ಚೆಂಡು ಬಿದ್ದ ಜಾಗ ಕಾಣುತ್ತಿತ್ತೇ ಹೊರತು ಚೆಂಡು ಬಂದದ್ದು ಕಾಣುತ್ತಿರಲಿಲ್ಲ.

ಆದರೆ ಅದು ಬರೀ ನಗುವ ವಿಷಯವಾಗಿ ಉಳಿದಿರಲಿಲ್ಲ. ಕೆಂಪಣ್ಣ ಆ ವರ್ಷ, ಅಂದರೆ ತೊಂಬತ್ತಾರರ ಯುಗಾದಿಯ ದಿನ, ಒಬ್ಬಟ್ಟು ತಿನ್ನುತ್ತಲೇ ಮಾತು ಆಡಿಬಿಟ್ಟಿದ್ದ.

"ಆಟದ್ ಕೋಟಾದಲ್ಲಿ ಮೈಸೂರಿನ ಎಣ್ಮಕ್ಳ ಕಾಲೇಜಲ್ಲಿ ಸೀಟು, ಆಸ್ಟೆಲ್ಲು ಎರಡೂ ಸಿಕ್ಕುದ್ರೆ ಓದ್ಲಿ. ಸಿಕ್ಕಲಿಲ್ಲ ಅಂದ್ರೆ ಎಸ್ಸೆಸ್ಸೆಲ್ಸಿ ಮುಗುದ್ ಮ್ಯಾಲೆ ಗಂಡು ನೋಡ್ತೀನಿ. ದಿನಾ ಬಸ್‌ಸ್ಟ್ಯಾಂಡಲ್ಲಿ ನಿಂತ್ಕಂಡು ಪಾಂಡವಪುರಕ್ಕೆ ಓಗ್ ಬರೋ ಓದು ನಮ್ಗೆ ಬ್ಯಾಡ."

ಅಂಕದ ಮೇಲೆ ಸೀಟು ಸಿಗುವ ಆಸೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಏಳನೇ ತರಗತಿಯ ಲೆಕ್ಕ ಪ್ರಮೀಳಳನ್ನು ಒಂದು ವರ್ಷ ಅಲ್ಲೇ ಕೂರಿಸಿತ್ತು. ಹಾಗಾಗಿ ಹುಡುಗಿ ಓದುತ್ತಾಳೋ ಮದುವೆಯಾಗುತ್ತಾಳೋ ಎಂಬುದು ಆ ಚೆಂಡಿನ ಮೇಲೆ ನಿಂತಿತ್ತು.

ಚೆಂಡನ್ನು ಮೈಸೂರಿನವರೆಗೆ ಮುಟ್ಟಿಸಬಲ್ಲವರು ಇಬ್ಬರು. ಒಬ್ಬರು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ರಘುನಂದನ್. ಇನ್ನೊಬ್ಬರು ಪಾಂಡವಪುರದಲ್ಲಿ ವಾಲಿಬಾಲ್ ಕ್ಲಬ್ಬು ನಡೆಸುತ್ತಿದ್ದ ಮರಿಯಯ್ಯ, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಎರಡು ವರ್ಷದಿಂದ ಪ್ರಮೀಳ ಅಣ್ಣನ ಜೊತೆ ತಮ್ಮೂರು ಕ್ಯಾತನಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಅವರ ಕ್ಲಬ್ಬಿನಲ್ಲಿ ಆಡಿ, ಶಾಲೆಯ ಹೊತ್ತಿಗೆ ವಾಪಸಾಗುತ್ತಿದ್ದಳು. ಏಳನೇ ನಂಬರಿನ ನೀಲಿ ಬನಿಯನ್ನನ್ನು ಕೊಟ್ಟವರು ಅವರೇ. ಇಬ್ಬರೂ ಒಳ್ಳೆಯವರು. ಕಷ್ಟ ಬಂದದ್ದೇ ಅಲ್ಲಿ. ಒಬ್ಬರು ಕೆಟ್ಟವರಾಗಿದ್ದರೆ ಇನ್ನೊಬ್ಬರ ಕೈ ಹಿಡಿಯುವುದು ಎಷ್ಟು ಸುಲಭವಿತ್ತು.

ಗೌರಿ ಹಬ್ಬಕ್ಕೆ ಒಂದು ವಾರ ಇದೆ ಎನ್ನುವಾಗ ಪಿ.ಟಿ. ಮೇಷ್ಟ್ರು ಲೂನಾದಲ್ಲಿ ಮನೆಗೆ ಬಂದರು. ಕೆಂಪಣ್ಣನ ಹೆಂಡತಿ ಯಶೋದಮ್ಮ ಸಡಗರದಿಂದ ಕಾಫಿ ಕಾಯಿಸಲು ಒಳಗೆ ಹೋದಳು. ಅತ್ತೆ ಚಿಕ್ಕಬೋರಮ್ಮ ಮಾತು ಕೇಳಲು ಜಗಲಿಯ ಕಂಬಕ್ಕೆ ಒರಗಿ ಕೂತಳು.

"ಕೆಂಪಣ್ಣೋರೆ, ತಾಲ್ಲೂಕಲ್ಲಿ ನಮ್ಮ ಹೆಣ್ಣುಮಕ್ಕಳೇ ಗೆದ್ದದ್ದು. ಜಿಲ್ಲಾ ಮಟ್ಟ ನಾಗಮಂಗಲದಲ್ಲಿ, ಇಪ್ಪತ್ತೊಂದನೇ ತಾರೀಕು ಶನಿವಾರ. ಅಲ್ಲಿ ಗೆದ್ರೆ ಮೈಸೂರು ವಿಭಾಗ, ಆಮೇಲೆ ರಾಜ್ಯ. ರಾಜ್ಯ ಮಟ್ಟದ ಸರ್ಟಿಫಿಕೇಟು ಕೈಲಿದ್ರೆ ಕೋಟಾ ಸೀಟಿಗೆ ಯಾರೂ ಅಡ್ಡ ಬರಂಗಿಲ್ಲ."

"ಅಂಗಾದ್ರೆ ಆಡ್ಲಿ ಬುಡಿ ಸಾ."

"ಆಡ್ಬೇಕಲ್ಲ! ಅದೇ ಶನಿವಾರ ಮರಿಯಯ್ಯನೋರ ಕ್ಲಬ್ಬು ಕೆ.ಆರ್. ಪೇಟೆ ಟೂರ್ನಮೆಂಟಿಗೆ ಹೋಗ್ತಾ ಇದೆ. ಪ್ರಮೀಳನ ಹೆಸರು ಅಲ್ಲೂ ಇದೆ, ಇಲ್ಲೂ ಇದೆ. ನೀವು ಒಂದು ಕಡೆ ಹೇಳ್ಬಿಡಿ. ನಾಳೆ ಬೆಳಿಗ್ಗೆ ಪಟ್ಟಿ ಕಳಿಸ್ಬೇಕು."

ಮೇಷ್ಟ್ರು ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹದಿನೇಳರ ಒಳಗಿನವರಿಗೆ ಮಾತ್ರ. ಹುಡುಗಿಗೆ ಎಷ್ಟು?"

ಕೇಳಿದ್ದು ಕೆಂಪಣ್ಣನನ್ನು. ಉತ್ತರ ಬಂದದ್ದು ಕಂಬದ ಕಡೆಯಿಂದ. "ಬರೋ ಗೌರಿ ಹಬ್ಬಕ್ಕೆ ಹದಿನೈದು ತುಂಬ್ತದೆ ಕಣಪ್ಪ. ಉಟ್ದಾಗ ಮೊದ್ಲು ಎತ್ಕಂಡೋಳೇ ನಾನು. ಆಗ್ಲೇ ಇಷ್ಟುದ್ದ ಇತ್ತು."

ಮೇಷ್ಟ್ರು ನಕ್ಕು ಬರೆದುಕೊಂಡರು. ಚಿಕ್ಕಬೋರಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಜಗಳವೂ ಜೊತೆಗೆ ಕೂತಿತು. ಮುದ್ದೆ, ಹುರುಳಿಕಾಳಿನ ಸಾರು. ಪ್ರಮೀಳಳ ಅಣ್ಣ ಲೋಕೇಶ ಮುದ್ದೆ ಮುರಿಯುವ ಮೊದಲೇ ಶುರು ಮಾಡಿದ.

"ಕೆ.ಆರ್. ಪೇಟೆಗೆ ಮೈಸೂರಿನ ಕಾಲೇಜು ಮೇಡಮ್ಮೇ ಬತ್ತಾವ್ರೆ ಕಣಪ್ಪ. ಆಟ ನೋಡಿ ಆರಿಸ್ಕಳಕ್ಕೇ ಬರೋದು. ಅವ್ರೇ ಕಣ್ಣಾರೆ ನೋಡುದ್ ಮ್ಯಾಲೆ ಸರ್ಟಿಫಿಕೇಟು ಯಾಕೆ?"

"ನೋಡೋಳು ಒಬ್ಳು. ನಾಳೆ ಅವ್ಳ್ಗೆ ಬೇರೆ ಊರಿಗೆ ವರ್ಗ ಆಯ್ತು ಅನ್ನು. ಆಗ? ಸರ್ಕಾರಿ ಸೀಲು ವರ್ಗ ಆಗಲ್ಲ ಕಣ್ಲಾ" ಎಂದ ಕೆಂಪಣ್ಣ.

"ಮರಿಯಯ್ಯ ಸಾರು ಇವಳ ಇಚಾರ ಕಾಗದ ಬರುದು, ಅದ್ಕೆ ಮೇಡಮ್ಮು ಬತ್ತಿರೋದು!"

"ಕಾಗದ ನಾನೂ ಬರೀತೀನಿ ಡೆಲ್ಲಿಗೆ."

"ನೀವಿಬ್ರೂ ಕಿತ್ತಾಡ್ಬುಟ್ರೆ ಆಯ್ತಾ? ಆಡೋಳ್ನ ಒಂದ್ ಮಾತ್ ಕೇಳಿ" ಎಂದಳು ಯಶೋದಮ್ಮ, ಸಾರಿನ ಸೌಟು ಹಿಡಿದುಕೊಂಡೇ.

ಪ್ರಮೀಳ ತಟ್ಟೆಯಿಂದ ಮುಖ ಎತ್ತಿದಳು. "ನಂಗೆ ಕ್ಲಬ್ಬು. ಇಸ್ಕೂಲ್ ಟೀಮಲ್ಲಿ ನಂಗೆ ಚೆಂಡು ಎತ್ತಿ ಕೊಡೋರೇ ಇಲ್ಲ ಅಪ್ಪ. ಕ್ಲಬ್ಬಲ್ಲಿ ದಿವ್ಯ ಎತ್ತಿ ಕೊಡ್ತಾಳೆ, ನಾ ಒಡೀತೀನಿ."

ಕೆಂಪಣ್ಣನಿಗೆ ಅದು ಅರ್ಥವಾಗಲಿಲ್ಲ. ಅವನು ಇಕ್ಕಟ್ಟಿನಲ್ಲಿ ಸಿಕ್ಕಾಗಲೆಲ್ಲ ಮಾಡುವುದನ್ನೇ ಮಾಡಿದ. ತಾಯಿಯ ಕಡೆ ತಿರುಗಿದ. "ಅವ್ವ, ನೀನೇ ಒಂದ್ ಮಾತ್ ಏಳು."

ಮನೆಯಲ್ಲಿ ಕೊನೆಯ ಮಾತು ತನ್ನದೇ ಆಗಬೇಕೆಂಬ ಚಪಲ ಚಿಕ್ಕಬೋರಮ್ಮನಿಗೆ ಇಲ್ಲದೇ ಇರಲಿಲ್ಲ. ಬೆರಳು ಚೀಪಿ, ಗಂಟಲು ಸರಿ ಮಾಡಿಕೊಂಡಳು. "ಸರ್ಕಾರದ್ದು ಸರ್ಕಾರದ್ದೇ ಕಣ್ಲಾ. ಕ್ಲಬ್ಬು ಅಂದ್ರೆ ನಾಕ್ ಜನ ಸೇರಿ ಕಟ್ಟಿದ್ದು. ಆ ನಾಕ್ ಜನ ಜಗಳಾಡುದ್ರೆ ನಾಳೆ ಇರಲ್ಲ. ಇಸ್ಕೂಲು ಎಲ್ಲಿಗ್ ಓಯ್ತದೆ? ಕಟ್ಟಡ ಅದೆ, ಬೋರ್ಡು ಅದೆ."

"ಮುಗೀತಲ್ಲ" ಎಂದ ಕೆಂಪಣ್ಣ. "ಎರಡ್ ದೋಣಿ ಮ್ಯಾಲೆ ಕಾಲಿಡೋದ್ ಬ್ಯಾಡ. ಲೋಕೇಶ, ನಾಳೆ ಆ ಬನೀನ್ನ ಮರಿಯಯ್ಯಂಗೆ ಕೊಟ್ಬುಟ್ಟು ಬಾ."

ಪ್ರಮೀಳ ಬನಿಯನ್ನನ್ನು ತಾನೇ ಒಗೆದು, ಮಡಿಸಿ, ಅಣ್ಣನ ಕೈಗೆ ಕೊಟ್ಟಳು. ಅಪ್ಪ ಹೋಗಿ ಎರಡು ಮಾತು ಹೇಳಿ ಬಂದಿದ್ದರೆ ಚೆನ್ನಾಗಿತ್ತು. ಕಬ್ಬಿಗೆ ನೀರು ಬಿಡುವ ಸರದಿ ಎಂದು ಅವನು ಹೋಗಲಿಲ್ಲ. ಲೋಕೇಶನಿಗೆ ನಾಚಿಕೆಯಾಗಿ, ಬನಿಯನ್ನನ್ನು ಕ್ಲಬ್ಬಿನ ಜಾಲಿ ಬಾಗಿಲಿಗೆ ಸಿಕ್ಕಿಸಿ ಹಾಗೇ ಬಂದುಬಿಟ್ಟ.

ನಾಗಮಂಗಲಕ್ಕೆ ಚಿಕ್ಕಬೋರಮ್ಮನೂ ಹೋದಳು. ಮೊಮ್ಮಗಳ ಆಟವನ್ನು ಅವಳು ಕಣ್ಣಲ್ಲಿ ನೋಡಿದ್ದು ಅದೇ ಮೊದಲು. ಸುಣ್ಣದ ಗೆರೆಯ ಪಕ್ಕದಲ್ಲಿ ನೆಲಕ್ಕೆ ಟವೆಲು ಹಾಸಿ ಕೂತಿದ್ದಳು. ಪ್ರಮೀಳ ಮೇಲೆದ್ದಾಗಲೆಲ್ಲ ಇವಳೂ ಕೂತಲ್ಲೇ ಒಂದು ಗೇಣು ಏಳುತ್ತಿದ್ದಳು. ಚೆಂಡು ಎತ್ತಿ ಕೊಡುವವರು ಇಲ್ಲದೇ ಇದ್ದದ್ದು ನಿಜ. ಹುಡುಗಿ ಅಡ್ಡಾದಿಡ್ಡಿ ಬಂದ ಚೆಂಡನ್ನೆಲ್ಲ ಹೇಗೋ ಬಾಚಿಕೊಂಡು ಹೊಡೆಯುತ್ತಿದ್ದಳು. ಕೊನೆಯ ಪಾಯಿಂಟಿಗೆ ಪಕ್ಕದಲ್ಲಿ ನಿಂತ ಯಾರೋ, "ಯಾರ್ ಮಗ್ಳಲಾ ಅದು, ತೆಂಗಿನ್ ಮರದಂಗವ್ಳೆ" ಎಂದ. "ನನ್ ಮೊಮ್ಮಗ್ಳು ಕಣಪ್ಪ" ಎಂದು ಚಿಕ್ಕಬೋರಮ್ಮ ಇಡೀ ಮೈದಾನಕ್ಕೆ ಕೇಳುವ ಹಾಗೆ ಹೇಳಿದಳು.

ಗೆದ್ದು ಬಂದ ಭಾನುವಾರ ಮನೆಯಲ್ಲಿ ಕೋಳಿ ಕುಯ್ದರು. ದುಂಡು ಸೀಲಿನ ಸರ್ಟಿಫಿಕೇಟನ್ನು ಕೆಂಪಣ್ಣ ಬಂದವರಿಗೆಲ್ಲ ತೋರಿಸಿ, ಪಹಣಿ ಕಾಗದದ ಜೊತೆ ಟ್ರಂಕಿನಲ್ಲಿಟ್ಟ. ಕೆ.ಆರ್. ಪೇಟೆಯಲ್ಲಿ ಏನಾಯಿತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಪ್ರಮೀಳ ಮಾತ್ರ ಕೋಳಿ ಸಾರನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ದಸರಾ ರಜೆ ಮುಗಿದ ವಾರ ವಿಭಾಗ ಮಟ್ಟಕ್ಕೆ ಮೈಸೂರಿಗೆ ಹೋದ ತಂಡ ಎರಡು ದಿನಕ್ಕೆಂದು ಬಟ್ಟೆ ಕಟ್ಟಿಕೊಂಡಿತ್ತು. ಅದೇ ದಿನ ಸಂಜೆ ವಾಪಸು ಬಂತು. ಪ್ರಮೀಳ ಚೀಲವನ್ನು ಮೂಲೆಗೆ ಹಾಕಿ, ಯಾರೂ ಹೇಳದೆಯೇ ಹೋಗಿ ಪಾತ್ರೆಗಳ ಮುಂದೆ ಕೂತು ಉಜ್ಜತೊಡಗಿದಳು.

"ಸೋತ್ರೇನವ್ವ?" ಎಂದಳು ಯಶೋದಮ್ಮ.

"ಆಡ್ಸಲೇ ಇಲ್ಲ."

ಹಿಂದೆಯೇ ಪಿ.ಟಿ. ಮೇಷ್ಟ್ರು ಬಂದರು. ಈ ಸಲ ಲೂನಾ ನಿಲ್ಲಿಸಿದವರು ಕೂರಲೂ ಇಲ್ಲ, ಕಾಫಿಯನ್ನೂ ಮುಟ್ಟಲಿಲ್ಲ. "ವಿಭಾಗ ಮಟ್ಟದಲ್ಲಿ ಅಡ್ಮಿಷನ್ ರಿಜಿಸ್ಟರ್ ನಕಲು ಕೇಳ್ತಾರೆ. ಹೆಡ್‌ಮೇಷ್ಟ್ರು ಸಹಿ ಹಾಕಿ ಲಕೋಟೆಲಿ ಕೊಟ್ಟಿದ್ರು, ನಾನೂ ಬಿಚ್ಚಿ ನೋಡ್ಲಿಲ್ಲ, ನನ್ನದೂ ತಪ್ಪೇ. ಅಲ್ಲಿ ಬಿಚ್ಚಿದ್ರೆ ಪ್ರಮೀಳ ಹುಟ್ಟಿದ್ದು ಒಂದು, ಆರು, ಎಪ್ಪತ್ತೊಂಬತ್ತು ಅಂತ ಇದೆ. ಹದಿನೇಳು ತುಂಬಿ ನಾಲ್ಕು ತಿಂಗಳಾಗಿದೆ! ವಯಸ್ಸು ಮೀರಿದ ಹುಡುಗೀನ ಆಡಿಸಿದ್ದೀರಿ ಅಂತ ಇಡೀ ಟೀಮನ್ನ ಹೊರಗೆ ಹಾಕಿದ್ರು. ಜಿಲ್ಲಾ ಮಟ್ಟದ ಸರ್ಟಿಫಿಕೇಟೂ ವಾಪಸ್ ಕೊಡ್ಬೇಕು. ಅಜ್ಜಿ, ನೀವೇ ಅಲ್ವಾ ಹದಿನೈದು ಅಂದಿದ್ದು?"

ಎಲ್ಲರೂ ಕಂಬದ ಕಡೆ ನೋಡಿದರು. ಚಿಕ್ಕಬೋರಮ್ಮನ ಕಣ್ಣಮುಂದೆ ಹತ್ತು ವರ್ಷದ ಹಿಂದಿನ ಒಂದು ಬೆಳಗು ಎದ್ದು ಕೂತಿತು.

ಆಗ ಶಾಲೆಗೆ ಸೇರಿಸಲು ಹುಟ್ಟಿದ ದಿನದ ಕಾಗದ ಯಾರ ಹತ್ತಿರ ಇತ್ತು? ಮೇಷ್ಟ್ರ ಹತ್ತಿರ ಒಂದು ಅಳತೆ ಇತ್ತು. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಗಿದೆ ಎಂದು ಸೇರಿಸಿಕೊಳ್ಳುವರು, ಮುಟ್ಟದಿದ್ದರೆ ಮುಂದಿನ ವರ್ಷ ಬಾ ಎನ್ನುವರು. ಲೋಕೇಶನಿಗೆ ನಿಜವಾಗಿಯೂ ಆರು ತುಂಬಿದ್ದಾಗ ಕರೆದುಕೊಂಡು ಹೋದರೆ, ಗಿಡ್ಡ ಕೈ, ಕಿವಿಗೆ ಎರಡು ಬೆರಳು ಕಡಿಮೆ ಬಂದು ಒಂದು ವರ್ಷ ಮನೆಯಲ್ಲಿ ಕೂತ. ಅದಾಗಿ ಎರಡು ವರ್ಷಕ್ಕೆ ಪ್ರಮೀಳಳ ಸರದಿ. ಇನ್ನೂ ಐದು ತುಂಬಿರಲಿಲ್ಲ. ಆದರೆ ಮನೆಯ ಹಿಂದೆಯೇ ನಾಲೆ. ಅಪ್ಪ ಅವ್ವ ಕಬ್ಬಿನ ಗದ್ದೆಗೆ ಹೋದರೆ ಅಜ್ಜಿಯ ಕೈಗೆ ಸಿಗದ ಮಗು. ಎರಡು ಸಲ ನೀರಿನ ಅಂಚಿನಿಂದ ಎಳೆದು ತಂದಾಗಿತ್ತು. ಶಾಲೆಯಲ್ಲಾದರೆ ಕಾಂಪೌಂಡಿದೆ, ಬಾಗಿಲಿದೆ. ಚಿಕ್ಕಬೋರಮ್ಮ ದಾರಿಯುದ್ದಕ್ಕೂ, "ಕೈಯ ಚೆನ್ನಾಗಿ ಚಾಚು ಮಗ, ಕಿವಿ ಇಡ್ಕೊ, ಬುಡ್ಬ್ಯಾಡ" ಎಂದು ಹೇಳಿಕೊಟ್ಟಳು. ಮಗು ಚಾಚಿತು. ಬೆರಳು ಕಿವಿ ದಾಟಿ ದವಡೆಗೆ ಬಂತು. ಮೇಷ್ಟ್ರು ಬೆರಗಾಗಿ, "ಎಷ್ಟು ವರ್ಷ?" ಎಂದರು. ಲೋಕೇಶನ ಗತಿ ನೆನೆದ ಚಿಕ್ಕಬೋರಮ್ಮ, ಆರು ಎಂದರೆ ಎಲ್ಲಿ ಕಮ್ಮಿಯಾಗುತ್ತದೋ ಎಂದು, "ಏಳು ತುಂಬ್ತು ಸಾಮಿ" ಎಂದುಬಿಟ್ಟಳು. ಮೇಷ್ಟ್ರು ಎಲ್ಲ ಮಕ್ಕಳಿಗೂ ಬರೆಯುವ ಹಾಗೆ ಜೂನ್ ಒಂದು ಎಂದು ಬರೆದು ಪುಸ್ತಕ ಮುಚ್ಚಿದರು. ಮನೆಗೆ ಬಂದ ಮೇಲೆ ಅಜ್ಜಿ ತಾನು ಹೇಳಿದ್ದನ್ನು ಮರೆತಳು. ಪುಸ್ತಕ ಮರೆಯಲಿಲ್ಲ.

"ಉಡ್ಗಿ ನಾಲೆಗ್ ಬೀಳ್ದೆ ಇರ್ಲಿ ಅಂತ ಏಳ್ದೆ ಕಣಪ್ಪ" ಎಂದಳು ಮೆಲ್ಲಗೆ.

ಕೆಂಪಣ್ಣ ಒಳಗೆ ಹೋದ. ಟ್ರಂಕು ತೆಗೆದು ಸರ್ಟಿಫಿಕೇಟನ್ನು ತಂದು ಮೇಷ್ಟ್ರ ಕೈಗಿಟ್ಟ. ಅವತ್ತು ಆ ಮನೆಯಲ್ಲಿ ಮುದ್ದೆ ಬೆಂದದ್ದು ಬೆಂದ ಹಾಗೇ ಉಳಿದು, ಬೆಳಿಗ್ಗೆ ಹಸುವಿನ ಬಾಯಿಗೆ ಹೋಯಿತು.

ಊರು ಸುಮ್ಮನಿರುತ್ತದೆಯೇ? ಮಾರನೇ ದಿನ ಬೋರ್‌ವೆಲ್ ಹತ್ತಿರ ದೊಡ್ಡತಾಯಮ್ಮ ಬಿಂದಿಗೆ ಕುಕ್ಕಿದಳು. ಅವಳ ಮೊಮ್ಮಗಳೂ ಅದೇ ತಂಡದವಳು. "ನಿನ್ ಮೊಮ್ಮಗ್ಳು ಒಬ್ಳಿಂದ ಎಂಟ್ ಎಣ್ಮಕ್ಳ ಆಟ ಮಣ್ಣಾಯ್ತಲ್ಲೇ ಬೋರಿ! ವಯಸ್ಸು ಕದ್ದು ಆಡ್ಸಿದ್ರಂತೆ. ಅದ್ಕೇ ಅಂಗ್ ಬೆಳ್ದವ್ಳೆ ಅಂತ ಈಗ ಗೊತ್ತಾಯ್ತು."

"ಕದ್ದಿಲ್ಲ ಕಣೇ, ಜಾಸ್ತಿ ಕೊಟ್ಟಿದ್ದು" ಎಂದಳು ಚಿಕ್ಕಬೋರಮ್ಮ. ಸುತ್ತ ಇದ್ದವರು ನಕ್ಕರು. ಅವಳು ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ಬಂದಳು.

ಕೆಂಪಣ್ಣ ಮೂರು ಸಲ ಹೆಡ್‌ಮೇಷ್ಟ್ರ ಮುಂದೆ ನಿಂತ. ಹುಟ್ಟಿದ ದಿನ ತಿದ್ದಬೇಕಾದರೆ ಕೋರ್ಟಿನಿಂದ ಆರ್ಡರ್ ತರಬೇಕು, ಅದಕ್ಕೆ ವರ್ಷವೇ ಹಿಡಿಯಬಹುದು ಎಂದರು. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗಳೂ ಅದೇ ದಿನಾಂಕ ಹೊತ್ತು ಹೋಗಿಬಿಟ್ಟಿದ್ದವು. ಮೂರನೇ ಸಲ ಬಂದವನು ಚಪ್ಪಲಿ ಬಿಡುತ್ತಲೇ ಹೇಳಿದ: "ಓದಿದ್ ಸಾಕು. ಹೊಣಕೆರೆ ಕಡೆ ಒಂದು ಗಂಡು ಅದೆ, ಡೈರಿ ಸೆಕ್ರೆಟ್ರಿ. ಏಳಿ ಕಳ್ಸಿವ್ನಿ."

"ಅದ್ಕಿನ್ನೂ ಹದಿನೈದು ಕಣ್ರೀ" ಎಂದಳು ಯಶೋದಮ್ಮ.

"ಊರ್ ಬಾಯಲ್ಲಿ ಅವ್ಳ್ಗೆ ಹದಿನೆಂಟಾಗದೆ. ಇನ್ನೆರಡ್ ವರ್ಷ ಮನೇಲಿಟ್ಕಂಡ್ರೆ ಇಪ್ಪತ್ತೈದು ಅಂತಾರೆ. ಆಗ ಯಾರ್ ಬತ್ತಾರೆ, ನೀ ಏಳು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಚಿಕ್ಕಬೋರಮ್ಮ ಈಗ ಪಾಂಡವಪುರದ ಬಸ್ಸು ಹತ್ತಿದಳು. ಯಾರಿಗೂ ಹೇಳಲಿಲ್ಲ. ಕಬ್ಬಿನ ಗಾಡಿಗಳ ಸಾಲನ್ನು ದಾಟಿಕೊಂಡು ಕ್ಲಬ್ಬಿನ ಮೈದಾನ ಕೇಳಿಕೊಂಡು ಹೋದಳು. ಮರಿಯಯ್ಯ ಹರಿದ ನೆಟ್ಟನ್ನು ದಾರ ಹಾಕಿ ಸರಿ ಮಾಡುತ್ತಿದ್ದರು.

"ನಾನು ಪ್ರಮೀಳನ ಅಜ್ಜಿ ಕಣಪ್ಪ."

ಮರಿಯಯ್ಯ ದಾರ ಕಚ್ಚಿ ಹರಿದು ತಲೆಯೆತ್ತಿದರು. "ಬನ್ನಿ, ಕೂತ್ಕಳಿ. ಬನೀನು ಬಾಗಿಲಿಗೆ ಸಿಗಾಕಿ ಓದೋರ ಮನೆಯೋರಾ?"

"ತೆಪ್ಪಾಯ್ತು."

"ಒಂದ್ ಮಾತು ಏಳ್ಬುಟ್ಟು ಓಗಿದ್ರೆ ನಾನೇನ್ ತಡೀತಿದ್ನಾ? ಮೇಡಮ್ಮು ಬಂದ್ರು. ಬಸ್ಸಿಳಿದೋರೇ, ಎಲ್ಲಪ್ಪ ನಿಮ್ ಉದ್ದುಡ್ಗಿ ಅಂದ್ರು. ನಾ ಏನೇಳ್ಲಿ? ಇವಳಿಗೆ ಇಟ್ಕೊಂಡಿದ್ದ ಸೀಟ್ನ ದಿವ್ಯಂಗೆ ಕೊಟ್ರು. ಅವಳೂ ಒಳ್ಳೆ ಉಡ್ಗಿನೇ. ಆದ್ರೆ ಅವಳು ಎತ್ತಿ ಕೊಡೋಳು, ಇವಳು ಒಡೆಯೋಳು. ಒಬ್ಳಿಲ್ದೆ ಒಬ್ಳು ಅರ್ಧ."

ಚಿಕ್ಕಬೋರಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅಳಬಾರದೆಂದು ಬಸ್ಸಿನಲ್ಲೇ ಅಂದುಕೊಂಡು ಬಂದಿದ್ದಳು, ಆಗಲಿಲ್ಲ. ಕಿವಿಯ ಕಥೆ, ಏಳು ವರ್ಷದ ಸುಳ್ಳು, ಬೋರ್‌ವೆಲ್ಲಿನ ಮಾತು, ಹೊಣಕೆರೆ ಗಂಡು, ಎಲ್ಲವನ್ನೂ ಸುರಿದಳು. ಮರಿಯಯ್ಯ ಕೇಳುತ್ತಾ ಕೇಳುತ್ತಾ ನೆಟ್ಟನ್ನು ಪಕ್ಕಕ್ಕಿಟ್ಟರು.

"ನೋಡಿ ಅವ್ವ, ಇನ್ನೂ ಬಾಗ್ಲು ಮುಚ್ಚಿಲ್ಲ. ಕ್ಲಬ್ಬಲ್ಲಿ ವಯಸ್ಸು ಯಾರೂ ಕೇಳಲ್ಲ. ಒಂದ್ ವರ್ಷ ನನ್ ಕೈಲಿ ಆಡ್ಲಿ. ಬರೋ ವರ್ಷ ಆ ಮೇಡಮ್ಮು ಇನ್ನೊಬ್ರನ್ನ ತಗೊಂತಾರೆ, ನಾನೇ ಕರ್ಕೊಂಡೋಗಿ ಮುಂದೆ ನಿಲ್ಲುಸ್ತೀನಿ. ಒಂದೇ ಒಂದ್ ವರ್ಷ ಆ ಮದ್ವೆ ತಡೀರಿ."

"ತಡೀತೀನಿ" ಎಂದಳು ಚಿಕ್ಕಬೋರಮ್ಮ.

ವಾಪಸು ಬರುವಾಗ ಅವರು ಏಳನೇ ನಂಬರಿನ ಬನಿಯನ್ನನ್ನು ಕೊಟ್ಟು ಕಳಿಸಿದರು. ಅವಳು ಅದನ್ನು ಎಲೆ ಅಡಿಕೆ ಚೀಲದಲ್ಲಿ ತುರುಕಿಕೊಂಡು ಬಂದು, ಯಾರಿಗೂ ಕಾಣದ ಹಾಗೆ ಪ್ರಮೀಳಳ ಕೈಗಿಟ್ಟಳು. ಹುಡುಗಿ ತಿಂಗಳಾದ ಮೇಲೆ ನಕ್ಕಳು. ಅಷ್ಟು ಸಾಕಾಗಿತ್ತು ಮುದುಕಿಗೆ.

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಮಗನ ಹತ್ತಿರ ಹೋಗಿ ನಿಂತಳು. "ಕೆಂಪ, ಒಂದ್ ವರ್ಷ ತಡಿಯಲಾ. ಮರಿಯಯ್ಯ ಮಾತ್ ಕೊಟ್ಟವ್ರೆ."

"ನಾಕ್ ಜನ ಕಟ್ಟಿರೋ ಕ್ಲಬ್ಬು, ನಾಳೆ ಇರಲ್ಲ ಅಂದೋಳು ನೀನೇ ಅಲ್ವಾ?"

"ಅಂದೆ. ನನ್ ಬಾಯಿಗ್ ಉಳ ಬೀಳ."

"ಬುಡವ್ವ. ಅವ್ರು ಸಂಕ್ರಾಂತಿ ಕಳುದ್ ಮ್ಯಾಲೆ ಬತ್ತೀವಿ ಅಂದವ್ರೆ. ನೋಡ್ಕಂಡೋಗ್ಲಿ. ನೋಡುದ್ರೆ ಏನ್ ಸವುದೋಗ್ತಾಳ?" ಎಂದ ಅವನು, ಹಾಲಿನ ಕ್ಯಾನಿಗೆ ಮುಚ್ಚಳ ಹಾಕುತ್ತಾ.

ಇನ್ನು ಉಳಿದದ್ದು ಒಂದೇ ದಾರಿ. ಮಗ ಕೇಳದಿದ್ದರೆ ಬೀಗರಾಗುವವರ ಮುಂದೆಯೇ ನಿಜ ಹೇಳುವುದು. ಚಿಕ್ಕಬೋರಮ್ಮ ಧನುರ್ಮಾಸವೆಲ್ಲ ಅದನ್ನೇ ಮನಸ್ಸಿನಲ್ಲಿ ಉರು ಹೊಡೆದಳು. ಹದಿನೈದು ವರ್ಷದ ಕೂಸು ಎಂದರೆ ಯಾವ ಮರ್ಯಾದಸ್ಥರು ಮುಂದೆ ಬರುತ್ತಾರೆ? ಸರ್ಕಾರ ಬೇರೆ ಹದಿನೆಂಟು ಎಂದು ಗೋಡೆ ಗೋಡೆಯ ಮೇಲೆ ಬರೆಸಿದೆ. ಹೆದರಿ ಓಡಿ ಹೋಗಬೇಕು.

ಸಂಕ್ರಾಂತಿ ಕಳೆದ ಮೂರನೇ ದಿನ ಹೊಣಕೆರೆಯಿಂದ ಏಳು ಜನ ಬಂದರು. ಹುಡುಗನ ಅಪ್ಪ ಕರಿಯಯ್ಯ, ಪಂಚೆಯ ಮಡಿಕೆ ಕೆಡದಂತೆ ಕೂರುವ ಮನುಷ್ಯ. ಹುಡುಗ ತಗ್ಗಿಸಿದ ತಲೆ ಎತ್ತಲಿಲ್ಲ, ಪಾಪದವನ ಹಾಗಿದ್ದ. ಅವರೆಕಾಳಿನ ಉಪ್ಪಿಟ್ಟು, ಬಾಳೆಹಣ್ಣು ಆಯಿತು. ಪ್ರಮೀಳ ಅವ್ವನ ರೇಷ್ಮೆ ಸೀರೆ ಉಟ್ಟು ಕಾಫಿ ತಂದಳು. ಸೀರೆ ಉದ್ದ ಸಾಲದೆ ಹಿಮ್ಮಡಿ ಕಾಣುತ್ತಿತ್ತು. ಹುಡುಗನ ಅವ್ವ ಮೇಲಿನಿಂದ ಕೆಳಕ್ಕೆ ನೋಡಿ ನಕ್ಕಳು. "ನಮ್ಮನೆ ಅಟ್ಟದಿಂದ ಕುಕ್ಕೆ ಇಳ್ಸಕ್ಕೆ ಇನ್ ಏಣಿ ಬ್ಯಾಡ ಬುಡಿ."

ತನ್ನದೇ ಹಳೆಯ ತಮಾಷೆ ಇನ್ನೊಬ್ಬಳ ಬಾಯಲ್ಲಿ ಬಂದದ್ದು ಕೇಳಿ ಚಿಕ್ಕಬೋರಮ್ಮ ಕಂಬ ಹಿಡಿದು ಎದ್ದು ನಿಂತಳು.

"ನಾ ಒಂದ್ ಮಾತ್ ಏಳ್ಬೇಕು. ನಮ್ ಕೂಸಿಗೆ ಹದಿನೈದು ತುಂಬಿ ನಾಕ್ ತಿಂಗ್ಳು. ಇಸ್ಕೂಲಲ್ಲಿ ಬರ್ಸಿರೋದು ಸುಳ್ಳು. ಬರ್ಸಿದೋಳು ನಾನೇ. ಈ ಮದ್ವೆ ಕಾನೂನಿಗ್ ಆಗಲ್ಲ. ಮಾಡ್ಕಬ್ಯಾಡಿ."

ಕೆಂಪಣ್ಣನ ಮುಖ ಕಪ್ಪಾಯಿತು. ಕರಿಯಯ್ಯ ಮಾತ್ರ ಕಾಫಿಯ ಕೊನೆಯ ಗುಟುಕು ಕುಡಿದು, ಲೋಟವನ್ನು ಜೋಪಾನವಾಗಿ ಕೆಳಗಿಟ್ಟ.

"ಇಸ್ಕೂಲ್ ಸರ್ಟಿಫಿಕೇಟಲ್ಲಿ ಏನದೆ ಕೆಂಪಣ್ಣೋರೆ?"

"ಜೂನ್ ಒಂದಕ್ಕೆ ಹದಿನೆಂಟು ತುಂಬ್ತದೆ."

"ಸೀಲು ಅದಾ?"

"ಅದೆ."

"ಅಷ್ಟಿದ್ರೆ ಸಾಕು ಬುಡಿ. ನಾಳೆ ಪೋಲಿಸ್ನೋರು ಬಂದ್ರೆ ತೋರ್ಸೋದು ಅದನ್ನಲ್ವಾ, ಅಜ್ಜಮ್ಮನ್ನಲ್ಲ" ಎಂದ ಕರಿಯಯ್ಯ. ಅವನ ಕಡೆಯವರು ನಕ್ಕರು. ಹುಡುಗನ ಅವ್ವ, "ಚಿಕ್ಕೋಳಾದ್ರೆ ಒಳ್ಳೇದೇ ಆಯ್ತು, ನಾವ್ ಏಳ್ದಂಗ್ ಕೇಳ್ತಾಳೆ" ಎಂದು ಎದ್ದು ಪ್ರಮೀಳಳ ತಲೆಗೆ ಹೂ ಮುಡಿಸಲು ಹೋದಳು. ಕೈ ಎಟುಕಲಿಲ್ಲ. "ಬಗ್ಗವ್ವ" ಎಂದಳು. ಪ್ರಮೀಳ ಬಗ್ಗಿದಳು.

ಎಲೆ ಅಡಿಕೆ ಬದಲಾಯಿಸಿ ಮಾತು ಗಟ್ಟಿ ಮಾಡಿಕೊಂಡು ಅವರು ಹೋದ ಮೇಲೆ ಕೆಂಪಣ್ಣ ಬಯ್ಯುತ್ತಾನೆ ಎಂದುಕೊಂಡರೆ ಅವನು ಬಯ್ಯಲಿಲ್ಲ. ಜಗಲಿಯ ಅಂಚಿಗೆ ಕೂತು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಚಿಕ್ಕಬೋರಮ್ಮ ಹೋಗಿ ಮಗನ ಕಾಲ ಹತ್ತಿರ, ನೆಲದ ಮೇಲೆ ಕೂತಳು. ತಾಯಿ ಮಗನ ಕಾಲ ಬುಡದಲ್ಲಿ ಕೂರುವುದನ್ನು ಆ ಮನೆ ಅದುವರೆಗೆ ನೋಡಿರಲಿಲ್ಲ.

"ಕೆಂಪ, ಎರಡ್ ವರ್ಷ ಜಾಸ್ತಿ ಕೊಟ್ಟೋಳು ನಾನೇ ಕಣ್ಲಾ. ಅದ್ರಲ್ಲಿ ಒಂದ್ನ ವಾಪಸ್ ಕೊಡು. ಒಂದೇ ಒಂದು. ಆ ಮರಿಯಯ್ಯ ಕಾಯ್ತಾವ್ನೆ."

"ಎಲೆ ಅಡಕೆ ಬದ್ಲಾಯಿಸ್ಕಂಡಾಯ್ತಲ್ಲವ್ವ" ಎಂದ ಕೆಂಪಣ್ಣ. "ಈಗ ಬ್ಯಾಡ ಅಂದ್ರೆ, ವಯಸ್ಸಿನ್ ಉಡ್ಗಿ, ಆಟಕ್ಕೂ ಆಗ್ಲಿಲ್ಲ, ಮದ್ವೇನೂ ಮುರೀತು ಅಂತಾರೆ. ನಾ ಎಲ್ಲಿಗೋಗ್ಲಿ? ನಂಗ್ ಬ್ಯಾರೆ ದಾರಿ ತೋರ್ಸು, ಓಯ್ತೀನಿ."

ತೋರಿಸಲು ಅವಳ ಹತ್ತಿರ ಏನಿತ್ತು? ಪೊಲೀಸು, ಕೋರ್ಟು ಎಂದು ಹೇಳಬಹುದು. ಹೋಗಿ ನಿಂತರೆ ಕಾಗದ ಕೇಳುತ್ತಾರೆ. ಹುಡುಗಿ ಗೌರಿ ಹಬ್ಬದ ದಿನ ಹುಟ್ಟಿದ್ದಕ್ಕೆ ಸಾಕ್ಷಿ ಅವಳ ಎರಡು ಕೈ ಮಾತ್ರ.

ಒಳಗಿನಿಂದ ಯಶೋದಮ್ಮ ಕಣ್ಣು ಒರೆಸಿಕೊಳ್ಳುತ್ತಾ ಬಂದಳು. ಬಂದವರು ಮದುವೆಗೆ ಎರಡು ದಿನ ಹೇಳಿ ಹೋಗಿದ್ದರು, ಅದರಲ್ಲಿ ಒಂದನ್ನು ಗುರುತು ಹಾಕಬೇಕಿತ್ತು. ಹೊಸ ವರ್ಷದ ಕ್ಯಾಲೆಂಡರು ತೊಲೆಯ ಹತ್ತಿರದ ಮೊಳೆಯಲ್ಲಿತ್ತು. ಆ ಮೊಳೆಗೆ ಅದನ್ನು ನೇತುಹಾಕಿದವಳು ಪ್ರಮೀಳ, ಇಳಿಸಬಲ್ಲವಳೂ ಅವಳೊಬ್ಬಳೇ.

"ಕ್ಯಾಲೆಂಡರ್ ಇಳ್ಸವ್ವ" ಎಂದಳು ಯಶೋದಮ್ಮ.

ಪ್ರಮೀಳ ತಲೆಯಲ್ಲಿ ಹೂ ಇದ್ದ ಹಾಗೇ ಕೈ ಎತ್ತಿದಳು. ಹಾರಬೇಕಾಗಲಿಲ್ಲ, ತುದಿಗಾಲಿನಲ್ಲೂ ನಿಲ್ಲಬೇಕಾಗಲಿಲ್ಲ. ಕ್ಯಾಲೆಂಡರನ್ನು ತಂದು ಅಜ್ಜಿ ಅಪ್ಪ ಕೂತಿದ್ದ ಕಡೆ ನೆಲದ ಮೇಲಿಟ್ಟು, ತಾನೂ ಕೂತು, ಒಂದೊಂದೇ ಹಾಳೆ ಮಗುಚಿದಳು.

"ಜೂನ್ ಅನ್ನೆರಡು, ಗುರುವಾರ" ಎಂದಳು ಯಶೋದಮ್ಮ. "ಒಂದನೇ ತಾರೀಕು ಕಳುದ್ ಮ್ಯಾಲೆ ಇರ್ಲಿ ಅಂದವ್ರೆ."

ಪ್ರಮೀಳಳ ಬೆರಳು ಹನ್ನೆರಡರ ಹತ್ತಿರ ಹೋಗಲಿಲ್ಲ. ಅದೇ ಹಾಳೆಯ ಮೊದಲ ಮನೆಯ ಮೇಲೆ ನಿಂತಿತು. ಅವಳು ಅಜ್ಜಿಯ ಮುಖ ನೋಡಿದಳು. ಕೋಪ ಇರಲಿಲ್ಲ, ನಿಜವಾಗಿ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು.

"ಅಜ್ಜಿ, ನಾ ಉಟ್ಟಿದ್ದು ಇದೇ ದಿನ ಅಲ್ವಾ?"

ಊರಿಗೆಲ್ಲ ಉತ್ತರ ಕೊಡುತ್ತಿದ್ದ ಚಿಕ್ಕಬೋರಮ್ಮ ಕ್ಯಾಲೆಂಡರನ್ನು ತನ್ನ ಕಡೆ ಎಳೆದುಕೊಂಡು, ಗೌರಿ ಹಬ್ಬದ ಹಾಳೆ ಹುಡುಕತೊಡಗಿದಳು.